ಹಡಪದಿಂದ ಲೇಸರ್‌ವರೆಗೆ

ಆರನೆಯ ಶತಮಾನದ ವರಾಹಮಿಹಿರ ಮಳೆ, ಭೂಕಂಪ, ಧೂಮಕೇತುಗಳ ಬಗ್ಗೆ ತಲೆ ಕೆಡಿಸಿಕೊಂಡವನು. ಅದೇ ಮಹಾಶಯ ‘ಬೃಹತ್ಸಂಹಿತೆ’ಯಲ್ಲಿ ಕನ್ಯಾಲಕ್ಷಣ ಹೇಳಲು ಕುಳಿತಾಗ ಹುಡುಗಿಯ ಮೊಣಕಾಲಿನ ಕೆಳಗೂ ಕಣ್ಣು ಹಾಯಿಸುತ್ತಾನೆ. ಕಣಕಾಲು ದುಂಡಗಿರಬೇಕು, ಅದರ ಮೇಲೆ ಕೂದಲಿರಬಾರದು, ನರ ಎದ್ದು ಕಾಣಬಾರದು. ಮನುಸ್ಮೃತಿಯದು ಇನ್ನೊಂದು ಪೇಚು: ಮೈಮೇಲೆ ಕೂದಲು ಹೆಚ್ಚಿರುವವಳೂ ಬೇಡ, ಕೂದಲೇ ಇಲ್ಲದವಳೂ ಬೇಡ. ಎಷ್ಟಿದ್ದರೆ ಸರಿ ಎಂದು ಅಳೆದು ಹೇಳುವವರು ಯಾರೋ, ಹೆಣ್ಣು ಹೆತ್ತವರ ಪಾಡು ಅವರಿಗೇ ಗೊತ್ತು.

ಇಂದಿನ ಸೌಂದರ್ಯ ಚಿಕಿತ್ಸಾಲಯಗಳ ದರಪಟ್ಟಿಯಲ್ಲೂ ಈ ಎರಡು ಬಾಬು ಅಕ್ಕಪಕ್ಕದಲ್ಲೇ ಕಾಣಸಿಗುತ್ತವೆ. ಒಂದು ಬೇಡದ ಕೂದಲು, ಇನ್ನೊಂದು ಕಾಲಿನಲ್ಲಿ ಉಬ್ಬಿದ ನರ. ಇವೆರಡರ ಜೋಡಿ ಹೊಸದಲ್ಲ. ಬಹುಕಾಲ ಇವೆರಡೂ ಒಬ್ಬನೇ ಕಸುಬುದಾರನ ಕೈಯಲ್ಲಿದ್ದವು. ಆ ಕೈ ಕ್ಷೌರಿಕನದು.

ರಾಯಚೂರು, ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಕ್ಷೌರದ ಕಸುಬಿನವರನ್ನು ಹಡಪದವರೆಂದೇ ಕರೆಯುವುದು ರೂಢಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣನವರನ್ನು ಈ ಸಮುದಾಯ ತನ್ನ ಮೂಲಪುರುಷರೆಂದು ಗೌರವಿಸುತ್ತದೆ. ಅವರ ಹೆಂಡತಿ ಲಿಂಗಮ್ಮ ಸ್ವತಃ ವಚನಕಾರ್ತಿ. ಊರಿನ ಆಯಗಾರರಲ್ಲಿ ಕ್ಷೌರಿಕನೂ ಒಬ್ಬ. ರೊಕ್ಕದ ಲೆಕ್ಕವಿಲ್ಲ, ಸುಗ್ಗಿಯಲ್ಲಿ ರಾಶಿ ಆದಾಗ ಕಣದಿಂದ ಜೋಳದ ಆಯ. ಅವನ ಹಡಪದಲ್ಲಿ, ಅಂದರೆ ಚೀಲದಲ್ಲಿ, ಕತ್ತಿ, ಕತ್ತರಿ, ಚಿಮಟ, ಉಗುರು ತೆಗೆಯುವ ಉಳಿ, ಸಾಣೆಕಲ್ಲು, ಸಣ್ಣ ಕನ್ನಡಿ. ಈ ಸಾಮಾನಿನಿಂದ ಅವನು ಗಡ್ಡವನ್ನಷ್ಟೇ ಹೆರೆಯುತ್ತಿರಲಿಲ್ಲ. ಕುರು ಕೊಯ್ಯುವುದು, ಮುಳ್ಳು ಕೀಳುವುದು, ಕೆಟ್ಟ ರಕ್ತ ಇಳಿಸುವುದು ಎಲ್ಲಕ್ಕೂ ಅವನಿಗೇ ಕರೆ. ಮುಸ್ಲಿಂ ಮೊಹಲ್ಲಾಗಳಲ್ಲಿ ಹಜಾಮರು ಕ್ಷೌರದ ಜೊತೆಗೆ ಸುನ್ನತಿ ಮಾಡುತ್ತಿದ್ದರು, ಚರ್ಮಕ್ಕೆ ಗೀರು ಹಾಕಿ ರಕ್ತ ಹೀರಿ ತೆಗೆಯುತ್ತಿದ್ದರು.

ಇದು ನಮ್ಮ ಸೀಮೆಯ ವಿಶೇಷವೇನೂ ಅಲ್ಲ. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿ 1540ರಲ್ಲಿ ಕ್ಷೌರಿಕರನ್ನೂ ಶಸ್ತ್ರವೈದ್ಯರನ್ನೂ ಒಂದೇ ಸಂಘಕ್ಕೆ ಸೇರಿಸಿದ್ದ. ಶಸ್ತ್ರವೈದ್ಯರು ಅಲ್ಲಿಂದ ಕಳಚಿಕೊಂಡು ಬೇರೆ ಮನೆ ಹೂಡಿದ್ದು 1745ರಲ್ಲಿ. ಯುರೋಪಿನ ಸಲೂನುಗಳ ಮುಂದಿನ ಕೆಂಪು ಬಿಳಿ ಪಟ್ಟೆಯ ಕಂಬ ಆ ಸಹವಾಸದ ಕಾಲದ್ದು.

ಕಸುಬಿನ ಹಿಂದೆ ಶಾಸ್ತ್ರವೂ ಇತ್ತು. ಸುಶ್ರುತ ಸಂಹಿತೆ ಗಾಯದ ಆರೈಕೆಗೆ ಅರವತ್ತು ಉಪಕ್ರಮಗಳನ್ನು ಹೇಳುತ್ತದೆ, ಅವುಗಳಲ್ಲಿ ಕೂದಲು ತೆಗೆಯುವುದೂ ಒಂದು. ಕತ್ತರಿ, ಕ್ಷೌರದ ಕತ್ತಿ, ಚಿಮಟ ಮೂರನ್ನೂ ಬಳಸಬಹುದು. ಮದ್ದೇ ಬೇಕೆಂದರೆ ಎರಡು ಪಾಲು ಶಂಖದ ಪುಡಿ, ಒಂದು ಪಾಲು ಹರಿತಾಳ, ಎರಡನ್ನೂ ಹುಳಿ ದ್ರವದಲ್ಲಿ ಅರೆದು ಹಚ್ಚಬೇಕು. ಕಾಲಿನ ನರದ ಗಂಟಿಗೆ ಸುಶ್ರುತ ಇಟ್ಟ ಹೆಸರು ಸಿರಾಗ್ರಂಥಿ. ಬಲವಿಲ್ಲದವರು ಅತಿಯಾಗಿ ದುಡಿದರೆ ಅದು ಏಳುತ್ತದೆ, ಗುಣವಾಗುವುದು ಕಷ್ಟ ಎನ್ನುತ್ತಾನೆ. ಅವನ ನಂತರ ಬಂದ ವಾಗ್ಭಟ ಅಷ್ಟು ಬೇಗ ಕೈಚೆಲ್ಲುವುದಿಲ್ಲ. ಗಂಟು ಹೊಸದಾಗಿದ್ದರೆ ಗೋರಂಟೆ ಗಿಡದ ಎಣ್ಣೆ ಕುಡಿಸಿ, ಬಿಸಿ ಪೋಟೀಸು ಕಟ್ಟಿ, ಬಸ್ತಿ (ಎನಿಮಾ) ಕೊಡಿ, ಕಡೆಗೆ ಸಿರೆಯನ್ನೇ ಚುಚ್ಚಿ ರಕ್ತ ಬಿಡಿ ಎಂದು ಹಾದಿ ತೋರಿಸುತ್ತಾನೆ. ಆಯುರ್ವೇದದ ಅಂಗಡಿಗಳಲ್ಲಿ ಸಹಚರಾದಿ ತೈಲ ಇಂದಿಗೂ ಇದೇ ಕಾಯಿಲೆಗೆ ಮಾರಾಟವಾಗುತ್ತದೆ.

ಹರಿತಾಳದ ಕಥೆ ಇನ್ನೂ ಸ್ವಾರಸ್ಯದ್ದು. ಇದು ಆರ್ಸೆನಿಕ್ ಮತ್ತು ಗಂಧಕ ಸೇರಿದ ಹಳದಿ ಖನಿಜ. ಸುಣ್ಣದ ಜೊತೆ ನೀರಿನಲ್ಲಿ ಕಲಸಿದರೆ ಕೂದಲಿನ ಕೆರಾಟಿನ್‌ನಲ್ಲಿರುವ ಗಂಧಕದ ಕೊಂಡಿಗಳು ಬಿಚ್ಚಿಕೊಳ್ಳುತ್ತವೆ, ಕೂದಲು ಮೆತ್ತಗಾಗಿ ಒರೆಸಿದರೆ ಬಂದುಬಿಡುತ್ತದೆ. ಇಸ್ಲಾಮಿ ಜಗತ್ತಿನ ಹಮಾಮುಗಳಲ್ಲಿ ಇದೇ ಲೇಪಕ್ಕೆ ನೂರಾ ಎಂಬ ಹೆಸರಿತ್ತು. ಕಂಕುಳ ಮತ್ತು ಗುಹ್ಯಭಾಗದ ಕೂದಲನ್ನು ನಲವತ್ತು ದಿನ ಮೀರದಂತೆ ತೆಗೆಯಬೇಕೆಂಬುದು ಅಲ್ಲಿನ ಧಾರ್ಮಿಕ ರೂಢಿ, ಹೀಗಾಗಿ ಸ್ನಾನದ ಮನೆಯಲ್ಲಿ ಲೇಪಕ್ಕೆ ಸದಾ ಗಿರಾಕಿ. ದಖನ್ನಿಗೆ ಬಹಮನಿ ಸುಲ್ತಾನರ ಜೊತೆ ಹಮಾಮೂ ಬಂತು. ಬೀದರ್ ಕೋಟೆಯ ಶಾಹಿ ಹಮಾಮ್ ಇಂದು ವಸ್ತುಸಂಗ್ರಹಾಲಯ. ರಾಯಚೂರು ಕೋಟೆ ಬಹಮನಿಯರಿಗೂ ವಿಜಯನಗರಕ್ಕೂ ಆದಿಲಶಾಹಿಗಳಿಗೂ ಕೈ ಬದಲಾಯಿಸುತ್ತಾ ಹೋದಂತೆ ಸ್ನಾನ, ಅತ್ತರು, ಲೇಪಗಳ ಪದ್ಧತಿಗಳೂ ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬಿನಲ್ಲಿ ಬೆರೆತವು.

ಆ ಲೇಪ ಸ್ವಲ್ಪ ಹೆಚ್ಚು ಹೊತ್ತು ಮೈಮೇಲಿದ್ದರೆ ಕೂದಲಿನ ಜೊತೆ ಚರ್ಮವೂ ಸುಡುತ್ತಿತ್ತು. ಗಾಯದ ಮೂಲಕ ಆರ್ಸೆನಿಕ್ ಒಳಗೆ ಹೋದರಂತೂ ವಿಷವೇ. ಆರ್ಸೆನಿಕ್ ಚರ್ಮವನ್ನು ಏನು ಮಾಡಬಲ್ಲದು ಎಂದು ನೋಡಲು ಈ ಕಡೆಯವರು ದೂರ ಹೋಗಬೇಕಿಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದ ಆರ್ಸೆನಿಕ್‌ನಿಂದ ಜನರ ಅಂಗೈ ಅಂಗಾಲುಗಳು ಕೆಟ್ಟಿದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಇಂದು ಅಂಗಡಿಯಲ್ಲಿ ಸಿಗುವ ಕೂದಲು ತೆಗೆಯುವ ಕ್ರೀಮುಗಳು ಕೆರಾಟಿನ್‌ನ ಅದೇ ಕೊಂಡಿಯನ್ನೇ ಬಿಡಿಸುತ್ತವೆ, ಆದರೆ ಹರಿತಾಳದ ಬದಲು ಥಯೋಗ್ಲೈಕೊಲೇಟ್ ಎಂಬ ಲವಣದಿಂದ.

ಮನೆಯೊಳಗಿನ ಪದ್ಧತಿಗಳು ಸೌಮ್ಯವಾಗಿದ್ದವು. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಕಡ್ಲೆಹಿಟ್ಟಿನ ಉಂಡೆಯನ್ನು ಬೆನ್ನಿನ ಮೇಲೆ ಉರುಳಿಸುವುದು, ಹೆಣ್ಣುಮಕ್ಕಳು ಕಸ್ತೂರಿ ಅರಿಶಿಣ ತಿಕ್ಕಿ ಮುಖ ತೊಳೆಯುವುದು ಇವೆಲ್ಲ ಕೂದಲು ಕಡಿಮೆ ಮಾಡುತ್ತವೆ ಎಂಬುದು ಅಜ್ಜಿಯರ ಕಾಲದ ನಂಬಿಕೆ. ಉಂಡೆ ಉರುಳಿಸಿದಾಗ ಒಂದಷ್ಟು ನವಿರು ಕೂದಲು ಕಿತ್ತು ಬರುತ್ತದೆ, ಬೇರು ಮಾತ್ರ ಅಲ್ಲೇ ಇರುತ್ತದೆ. ಮಾನ್ವಿ ಭಾಗದ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ರೈತರು ಶಾಪ ಹಾಕುತ್ತಾ ಕೀಳುವ ಜೇಕಿನ ಗಡ್ಡೆಗೂ ಇಲ್ಲೊಂದು ಪಾತ್ರವಿದೆ. ಅದರ ಎಣ್ಣೆ ಕಂಕುಳ ಕೂದಲನ್ನು ಕಡಿಮೆ ಮಾಡುತ್ತದೆಯೇ ಎಂದು ಈಜಿಪ್ಟಿನಲ್ಲಿ ಲೇಸರ್ ಜೊತೆ ಹೋಲಿಸಿ ಪರೀಕ್ಷಿಸಿದ್ದಾರೆ. ಫಲ ಆಶಾದಾಯಕವೇ, ಆದರೆ ಪ್ರಯೋಗ ಸಣ್ಣದು. ಗಡ್ಡೆ ಅರೆದು ಮೈಗೆ ಬಳಿದುಕೊಳ್ಳುವಷ್ಟು ಅವಸರ ಬೇಡ.

‘ಬೇಡದ ಕೂದಲು’ ಎಂದಾಗ, ಯಾರಿಗೆ ಬೇಡದ್ದು ಎಂದೂ ಕೇಳಬೇಕಾಗುತ್ತದೆ. ಜೈನ ಮುನಿಗಳು ಕೇಶಲೋಚದಲ್ಲಿ ತಮ್ಮ ಕೂದಲನ್ನು ತಾವೇ ಕೈಯಿಂದ ಕೀಳುತ್ತಾರೆ, ಅದು ಅವರ ವ್ರತ. ಸಂಪ್ರದಾಯಸ್ಥ ಬ್ರಾಹ್ಮಣ ಮನೆಗಳ ವಿಧವೆಯರ ತಲೆ ಬೋಳಿಸುತ್ತಿದ್ದುದು ಅವರ ಇಚ್ಛೆಯಿಂದಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಮತ್ತು ಅದನ್ನಾಧರಿಸಿ ಪ್ರೇಮಾ ಕಾರಂತ ತೆಗೆದ ಚಿತ್ರ ಕನ್ನಡಿಗರ ಮನಸ್ಸಿನಲ್ಲಿ ಉಳಿದಿರುವುದು ಈ ಕಾರಣಕ್ಕೇ. ಇದರಲ್ಲಿ ಕ್ಷೌರಿಕರು ಸುಮ್ಮನೆ ಕತ್ತಿ ಹಿಡಿದು ನಿಂತವರಲ್ಲ. ಮುಂಬಯಿಯ ಕ್ಷೌರಿಕರು 1890ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಸಭೆ ಸೇರಿ, ಇನ್ನು ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ನಿರ್ಧರಿಸಿದರು. ಕೂದಲ ಇತಿಹಾಸದಲ್ಲಿ ಯಾವ ಯಂತ್ರದ ಆವಿಷ್ಕಾರಕ್ಕಿಂತಲೂ ಇದು ದೊಡ್ಡ ಘಟನೆ.

ಮತ್ತೆ ನಮ್ಮ ಸೀಮೆಗೆ ಬಂದರೆ, ಮುಂಬಯಿ ಮತ್ತು ಮದರಾಸು ಕಡೆಯಿಂದ ಬಂದ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಗುಂತಕಲ್ ಕಡೆ ಹೋಗುವ ಆ ಹಳಿಯ ಮೇಲೇ ಮಟಮಾರಿ ಎಂಬ ಊರಿದೆ. ರೈಲು ಬಂದ ಮೇಲೆ ಕಾಯಿಲೆಯವರಿಗೆ ಹೈದರಾಬಾದು, ಸೊಲ್ಲಾಪುರ, ಮದರಾಸಿನ ದೊಡ್ಡ ಆಸ್ಪತ್ರೆಗಳ ದಾರಿ ತೆರೆಯಿತು. ಕೂದಲು ಮತ್ತು ನರ ಬೇರೆಬೇರೆಯಾದದ್ದು ಈ ಕಾಲದಲ್ಲೇ. ನರ ಸರ್ಜನ್ನರ ಪಾಲಾಯಿತು, ಕೂದಲು ಸಲೂನಿನಲ್ಲೇ ಉಳಿಯಿತು. ಜರ್ಮನಿಯ ಟ್ರೆಂಡೆಲೆನ್‌ಬರ್ಗ್ 1890ರ ಸುಮಾರಿಗೆ ತೊಡೆಯ ದೊಡ್ಡ ಸಿರೆಯನ್ನು ಕಟ್ಟುವ ಶಸ್ತ್ರಕ್ರಿಯೆ ವಿವರಿಸಿದ. ಅಮೆರಿಕದ ಬ್ಯಾಬ್‌ಕಾಕ್ 1907ರಲ್ಲಿ ಸಿರೆಯೊಳಗೆ ತಂತಿ ತೂರಿಸಿ ಅದನ್ನು ಎಳೆದು ತೆಗೆಯುವ ವಿಧಾನ ತಂದ. ಸಿರೆಯೊಳಗೆ ಮದ್ದು ಚುಚ್ಚಿ ಮುಚ್ಚಿಸುವ ಸ್ಕ್ಲೆರೋಥೆರಪಿಗೆ ಇಂದಿಗೂ ಬಳಕೆಯಲ್ಲಿರುವ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ 1940ರ ದಶಕದ್ದು.

ಕೂದಲಿನ ಕಡೆ ವಿಜ್ಞಾನ ಎಡವಿದ್ದೇ ಹೆಚ್ಚು. ಅಮೆರಿಕದ ಸೇಂಟ್ ಲೂಯಿಯ ಕಣ್ಣಿನ ವೈದ್ಯ ಚಾರ್ಲ್ಸ್ ಮಿಷೆಲ್ 1875ರಲ್ಲಿ ಕಣ್ಣಿಗೆ ಚುಚ್ಚುವ ರೆಪ್ಪೆಗೂದಲಿನ ಬೇರನ್ನು ವಿದ್ಯುತ್ ಸೂಜಿಯಿಂದ ಸುಟ್ಟದ್ದು ಒಳ್ಳೆಯ ಆರಂಭ. ಎಲೆಕ್ಟ್ರಾಲಿಸಿಸ್ ಹುಟ್ಟಿದ್ದು ಅಲ್ಲಿಂದ. ಆಮೇಲೆ ಬಂದದ್ದು ಎಕ್ಸ್‌ರೇ ಹುಚ್ಚು. 1920ರ ದಶಕದಲ್ಲಿ ಅಮೆರಿಕದ ಬ್ಯೂಟಿ ಪಾರ್ಲರುಗಳಲ್ಲಿ ‘ಟ್ರೈಕೋ’ ಎಂಬ ಎಕ್ಸ್‌ರೇ ಯಂತ್ರದ ಮುಂದೆ ಹೆಂಗಸರು ಮುಖವೊಡ್ಡಿ ಕುಳಿತರು. ಕೂದಲು ಉದುರಿತು. ಕೆಲವು ವರ್ಷಗಳಲ್ಲಿ ಚರ್ಮ ಸುಕ್ಕುಗಟ್ಟಿತು, ಹಲವರಿಗೆ ಕ್ಯಾನ್ಸರ್ ಬಂತು. ಅದರ ಬೆನ್ನಿಗೇ ‘ಕೊರೆಮ್ಲು’ ಎಂಬ ಕ್ರೀಮು. ಅದರಲ್ಲಿದ್ದದ್ದು ಥ್ಯಾಲಿಯಂ, ಇಲಿ ಕೊಲ್ಲುವ ಪಾಷಾಣ. ಹಚ್ಚಿಕೊಂಡವರಲ್ಲಿ ಕೆಲವರು ತಲೆಗೂದಲನ್ನೂ ಕಳೆದುಕೊಂಡು ಕೈಕಾಲಿನ ಸ್ವಾಧೀನ ತಪ್ಪಿ ಮಲಗಿದರು. ನಮ್ಮ ಹರಿತಾಳವನ್ನು ನೋಡಿ ನಗುವ ಹಕ್ಕು ಪಶ್ಚಿಮಕ್ಕಿಲ್ಲ.

ಇತ್ತ ಜಿಲ್ಲಾ ಕೇಂದ್ರಗಳಿಗೆ, ಆಮೇಲೆ ತಾಲ್ಲೂಕು ಊರುಗಳಿಗೆ ಬ್ಯೂಟಿ ಪಾರ್ಲರು ಬಂತು. ಹುಬ್ಬು ತೀಡುವ ದಾರ, ಕೈಕಾಲಿಗೆ ಬಿಸಿ ವ್ಯಾಕ್ಸು, ಮದುವಣಗಿತ್ತಿಗೆ ಪ್ಯಾಕೇಜು. ಮನೆಯಲ್ಲೇ ಪಾರ್ಲರು ತೆರೆದು ಸ್ವಂತ ಗಳಿಕೆ ಕಂಡ ಹೆಂಗಸರು ಬಹಳ ಮಂದಿ. ಗಂಡಸರ ಕಸುಬಾಗಿದ್ದ ಕೂದಲು ತೆಗೆಯುವ ಕೆಲಸ ಹೆಂಗಸರ ಕೈಗೂ ಬಂದದ್ದು ಹೀಗೆ.

ಬೇರೆಬೇರೆಯಾಗಿದ್ದ ಎರಡು ದಾರಿಗಳನ್ನು ಮತ್ತೆ ಕೂಡಿಸಿದ್ದು ಲೇಸರ್. ಥಿಯೊಡರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ್ದು 1960ರಲ್ಲಿ, ಮಾಣಿಕ್ಯದ ಹರಳಿನಿಂದ. ಅದನ್ನು ಚರ್ಮದ ಮೇಲೆ ಹದವಾಗಿ ಬಳಸುವ ಲೆಕ್ಕ ಸಿಕ್ಕಿದ್ದು 1983ರಲ್ಲಿ. ಹಾರ್ವರ್ಡಿನ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಆ ವರ್ಷ ತೋರಿಸಿದ್ದು ಇಷ್ಟು: ಯಾವ ವಸ್ತು ಯಾವ ಬಣ್ಣದ ಬೆಳಕನ್ನು ಹೀರುತ್ತದೋ ಅದೇ ಬೆಳಕನ್ನು ಕ್ಷಣಮಾತ್ರ ಬಿಟ್ಟರೆ ಆ ವಸ್ತು ಮಾತ್ರ ಕಾದು ಹಾಳಾಗುತ್ತದೆ, ಸುತ್ತಲಿನ ಚರ್ಮ ಉಳಿಯುತ್ತದೆ. ಅವರ ಕಣ್ಣಿದ್ದದ್ದು ರಕ್ತನಾಳದ ಮೇಲೆ. ಹುಟ್ಟಿನಿಂದಲೇ ಮುಖದ ಮೇಲೆ ಕೆಂಪು ಮಚ್ಚೆಯಿರುವ ಮಕ್ಕಳಿಗೆ ಅದು ವರವಾಯಿತು. ಸುಮಾರು ಹತ್ತು ವರ್ಷದ ನಂತರ ಅದೇ ಲೆಕ್ಕವನ್ನು ಕೂದಲ ಬೇರಿನ ಕಪ್ಪು ಬಣ್ಣಕ್ಕೆ ಹಚ್ಚಿದರು. ಕಾಲಿನ ದೊಡ್ಡ ಸಿರೆಯೊಳಗೆ ತೆಳು ನಾರು ತೂರಿಸಿ ಲೇಸರ್‌ನಿಂದ ಮುಚ್ಚುವ ವಿಧಾನ 2000ದ ಆಸುಪಾಸಿನದು.

ಬಿಳಿಯರ ಚರ್ಮಕ್ಕೆಂದು ಹುಟ್ಟಿದ ಈ ಯಂತ್ರಗಳು ರಾಯಚೂರಿನ ಬಿಸಿಲಿನಲ್ಲಿ ಮಾಗಿದ ಮೈಬಣ್ಣಕ್ಕೆ ನೇರವಾಗಿ ಒಗ್ಗುವುದಿಲ್ಲ. ಕೂದಲಿನಲ್ಲಿರುವ ಕಪ್ಪು ಬಣ್ಣವೇ ಚರ್ಮದಲ್ಲೂ ಇರುವುದರಿಂದ ಬೆಳಕು ದಾರಿಯಲ್ಲೇ ಚರ್ಮವನ್ನು ಸುಡಬಹುದು. ಮೊದಲ ತಲೆಮಾರಿನ 694 ನ್ಯಾನೊಮೀಟರಿನ ಮಾಣಿಕ್ಯ ಲೇಸರ್ ನಮ್ಮವರಿಗೆ ತೀರಾ ಅಪಾಯದ್ದು. 810ರ ಆಸುಪಾಸಿನ ಡಯೋಡ್ ವಾಸಿ; 1064ರ ಎನ್‌ಡಿ-ಯಾಗ್ ಕಪ್ಪು ಚರ್ಮಕ್ಕೆ ಎಲ್ಲಕ್ಕಿಂತ ಸುರಕ್ಷಿತ. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಬೆಳಕು ತಟ್ಟುವುದರಿಂದ ಕೆಲವು ವಾರಗಳ ಅಂತರದಲ್ಲಿ ಆರೇಳು ಸಲ ಹೋಗಬೇಕು. ಬೆಳ್ಳಗಾದ ಕೂದಲಿಗೆ ಏನೂ ಆಗದು. ‘ಶಾಶ್ವತ’ ಎಂಬ ಜಾಹೀರಾತಿನ ಮಾತು ಕೂದಲು ಕಡಿಮೆಯಾಗುವುದಕ್ಕೆ ಸಲ್ಲುತ್ತದೆ, ಪೂರ್ತಿ ಹೋಗುವುದಕ್ಕಲ್ಲ. ಇನ್ನೂ ಒಂದು ವಿಚಿತ್ರ: ದಕ್ಷಿಣ ಏಷ್ಯಾದ ಕೆಲವು ಹೆಂಗಸರಿಗೆ ಮುಖದ ಮೇಲೆ ಲೇಸರ್ ಹಾಕಿಸಿದ ನಂತರ ಕೂದಲು ಹೆಚ್ಚಿದ್ದೂ ಉಂಟು. ಗಲ್ಲದ ಮೇಲೆ ಗಡುಸು ಕೂದಲು ಬಂದು ಮುಟ್ಟೂ ಏರುಪೇರಾದರೆ ಅದು ಪಿಸಿಓಡಿ ಎಂಬ ಅಂಡಾಶಯದ ತೊಂದರೆ ಇರಬಹುದು, ಮೊದಲು ಹಾರ್ಮೋನು ಪರೀಕ್ಷೆ ಆಗಬೇಕು.

ನರದ ಲೆಕ್ಕ ಬೇರೆ. ಗದ್ದೆಯ ಕೆಸರಿನಲ್ಲಿ ದಿನವಿಡೀ ನಿಂತು ನಾಟಿ ಮಾಡುವವರು, ಹೋಟೆಲಿನ ಅಡುಗೆಯವರು, ಸಂಚಾರಿ ಪೊಲೀಸರು, ಶಿಕ್ಷಕರು, ಕುರ್ಚಿಯ ಪಕ್ಕದಲ್ಲೇ ಜೀವನ ಕಳೆಯುವ ಕ್ಷೌರಿಕರು, ಎರಡು ಮೂರು ಹೆರಿಗೆ ಕಂಡ ತಾಯಂದಿರು ಇವರೆಲ್ಲರ ಕಾಲಲ್ಲಿ ನರ ಉಬ್ಬುವ ಸಂಭವ ಹೆಚ್ಚು. ಸಿರೆಯೊಳಗಿನ ಕವಾಟ ಸೋತು ರಕ್ತ ಮೇಲೇರದೆ ಕೆಳಗೇ ನಿಲ್ಲುತ್ತದೆ. ಜೇಡನ ಬಲೆಯಂಥ ಸಣ್ಣ ನೀಲಿ ಗೆರೆಗಳು ಬಹುತೇಕ ನೋಟಕ್ಕಷ್ಟೇ ತೊಂದರೆ. ಕಾಲಿನಲ್ಲಿ ಅವಕ್ಕೆ ಹೊರಗಿನ ಲೇಸರ್‌ಗಿಂತ ಸ್ಕ್ಲೆರೋಥೆರಪಿಯೇ ಮೇಲು, ಕಪ್ಪು ಚರ್ಮದವರಿಗೆ ಕೆಲ ತಿಂಗಳು ಕಂದು ಕಲೆ ಉಳಿಯಬಹುದು ಅಷ್ಟೆ. ಹಗ್ಗದಂತೆ ಸುತ್ತಿಕೊಂಡು ಸಂಜೆಗೆ ಕಾಲು ಬಾಯುವಂತೆ ಮಾಡುವ ನರ ಸೌಂದರ್ಯದ ಪ್ರಶ್ನೆಯೇ ಅಲ್ಲ. ಬಿಟ್ಟರೆ ಹಿಮ್ಮಡಿ ಗಂಟಿನ ಬಳಿ ಚರ್ಮ ಕಪ್ಪಾಗಿ, ವರ್ಷಗಟ್ಟಲೆ ಮಾಯದ ಹುಣ್ಣಾಗುತ್ತದೆ. ವೈದ್ಯರು ಹೇಳುವ ಬಿಗಿ ಕಾಲುಚೀಲವನ್ನು ರಾಯಚೂರಿನ ಮೇ ತಿಂಗಳಲ್ಲಿ ದಿನವಿಡೀ ಹಾಕಿಕೊಂಡಿರುವುದು ತಪಸ್ಸೇ ಸರಿ.

ಹಿಂದೆ ಇದಕ್ಕೆಲ್ಲ ರೈಲು ಹತ್ತಬೇಕಿತ್ತು. ಈಗ ರಾಯಚೂರಿನಲ್ಲೇ 2007ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಇದೆ, ಖಾಸಗಿ ನವೋದಯ ವೈದ್ಯಕೀಯ ಕಾಲೇಜಿದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಚಿಕಿತ್ಸಾಲಯ ನಡೆಸುವವರು ನೋಂದಣಿ ಮಾಡಿಸಿರಲೇಬೇಕು. ಆ ಪ್ರಮಾಣಪತ್ರ ಎಲ್ಲಿದೆ ಎಂದು ಕೇಳಲು ಯಾರೂ ಸಂಕೋಚಪಡಬೇಕಿಲ್ಲ. ಮದುವೆ ಗೊತ್ತಾಯಿತೆಂದು ಮಟಮಾರಿಯಿಂದಲೋ ದೇವದುರ್ಗದಿಂದಲೋ ಬಂದವರು ಕೂದಲಿಗಾದರೆ ಯಂತ್ರ ಯಾವುದು, ಅದನ್ನು ಹಿಡಿಯುವವರು ಚರ್ಮವೈದ್ಯರೋ ಅಲ್ಲವೋ ಎಂದು ಮೊದಲು ವಿಚಾರಿಸಲಿ, ಚರ್ಮದ ಒಂದು ಮೂಲೆಯಲ್ಲಿ ಪರೀಕ್ಷಿಸಿ ನೋಡಲಿ. ಕಾಲಿನ ನರಕ್ಕಾದರೆ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಆಗದೆ ಯಾವ ಪ್ಯಾಕೇಜಿಗೂ ಮುಂಗಡ ಕೊಡುವುದು ಬೇಡ.