ಚಂದ್ರಕಾಂತಾ: ಪ್ರೇಮ ಮತ್ತು ಮಾಯೆಯ ಕಾದಂಬರಿ

ದೇವಕೀನಂದನ ಖತ್ರಿಯವರ ಹಿಂದಿ ಕಾದಂಬರಿ ‘ಚಂದ್ರಕಾಂತಾ’ 1888ರಲ್ಲಿ ಹೊರಬರತೊಡಗಿತು. ನೌಗಢದ ರಾಜಕುಮಾರ ವೀರೇಂದ್ರಸಿಂಹ ಮತ್ತು ವಿಜಯಗಢದ ರಾಜಕುಮಾರಿ ಚಂದ್ರಕಾಂತಾ ಇವರ ಪ್ರೇಮವೇ ಕಥೆಯ ಎಳೆ; ಚುನಾರದ ರಾಜ ಶಿವದತ್ತ ಅದಕ್ಕೆ ಅಡ್ಡಗಾಲು. ಕಾಶಿಗೆ ಸಮೀಪದ ಚಕಿಯಾ, ನೌಗಢದ ಕಾಡುಗಳಲ್ಲಿ ಗುತ್ತಿಗೆ ಹಿಡಿದಿದ್ದ ಖತ್ರಿಯವರು ಅಲ್ಲಿನ ಪಾಳು ಕೋಟೆ, ಗುಹೆಗಳನ್ನು ಕಣ್ಣಾರೆ ಕಂಡಿದ್ದರು; ಅವೇ ಕಥೆಗೆ ಹಿನ್ನೆಲೆಯಾದವು.

ದಾಸ್ತಾನು ಎಂಬ ಉರ್ದು ಅದ್ಭುತ ಕಥೆಗಳ ‘ತಿಲಿಸ್ಮ್’, ಅಂದರೆ ಮಾಯೆಯಿಂದ ಕಟ್ಟಿದ ಲೋಕ, ಇಲ್ಲಿ ಹೊಸ ರೂಪ ಪಡೆಯಿತು. ದಾಸ್ತಾನುಗಳಲ್ಲಿ ಮಾಂತ್ರಿಕರ ಮಂತ್ರದಿಂದ ನಡೆಯುತ್ತಿದ್ದದ್ದು ಇಲ್ಲಿ ಗುಪ್ತ ಬಾಗಿಲು, ಸುರಂಗ, ಯಂತ್ರ, ಮೂಲಿಕೆಗಳ ಕೈಚಳಕದಿಂದ ನಡೆಯುತ್ತದೆ. ವೇಷ ಬದಲಿಸುವ, ಪುಡಿ ಮೂಸಿಸಿ ಪ್ರಜ್ಞೆ ತಪ್ಪಿಸುವ ಗೂಢಚಾರರಾದ ‘ಐಯಾರ’ರೇ ಕಥೆಯ ಜೀವಾಳ. ವೀರೇಂದ್ರಸಿಂಹನ ಐಯಾರ ತೇಜಸಿಂಹನ ಚಾತುರ್ಯದ ಮುಂದೆ ನಾಯಕನೇ ಮಂಕಾಗುತ್ತಾನೆ. ಚಪಲಾ ಎಂಬ ಹೆಣ್ಣು ಐಯಾರಳಂತೂ ಆ ಕಾಲಕ್ಕೆ ಅಪೂರ್ವ ಪಾತ್ರ. ಬೆರಗನ್ನು ಉಳಿಸಿಕೊಂಡೇ ಅದಕ್ಕೆ ಕಾರಣ ಕೊಡುವುದು ಖತ್ರಿಯವರ ದೊಡ್ಡ ಸಾಧನೆ.

ಈ ಕಾದಂಬರಿಯನ್ನು ಓದಲೆಂದೇ ಅನೇಕರು ದೇವನಾಗರಿ ಲಿಪಿ ಕಲಿತರೆಂದು ಹಿಂದಿ ಸಾಹಿತ್ಯದ ಚರಿತ್ರೆಕಾರರು ದಾಖಲಿಸಿದ್ದಾರೆ. ಮುಂದೆ 24 ಭಾಗಗಳ ‘ಚಂದ್ರಕಾಂತಾ ಸಂತತಿ’ ಬಂತು. 1913ರಲ್ಲಿ ಖತ್ರಿಯವರು ತೀರಿಕೊಂಡಾಗ ಅಪೂರ್ಣವಾಗಿದ್ದ ‘ಭೂತನಾಥ’ ಕಾದಂಬರಿಯನ್ನು ಮಗ ದುರ್ಗಾಪ್ರಸಾದ ಖತ್ರಿ ಪೂರ್ಣಗೊಳಿಸಿದರು.