ಕಾನೂನೆಲ್ಲಿ ಎಂದು ಕೇಳಿದ ಅರ್ಜಿ: ಪುಟ್ಟಸ್ವಾಮಿ ಪ್ರಕರಣದ ಒಂದು ಮರುನೋಟ

ಆಧಾರ್‌ ಯೋಜನೆಯ ಪರ-ವಿರೋಧಗಳೆರಡಕ್ಕೂ ಬೆಂಗಳೂರೇ ತವರು. 2009ರಲ್ಲಿ ಇನ್ಫೋಸಿಸ್ ಬಿಟ್ಟು ವಿಶಿಷ್ಟ ಗುರುತು ಪ್ರಾಧಿಕಾರದ ಹೊಣೆ ಹೊತ್ತ ನಂದನ್ ನಿಲೇಕಣಿ ಈ ಊರಿನವರು. ಯೋಜನೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ ಕೆ.ಎಸ್. ಪುಟ್ಟಸ್ವಾಮಿ ಕೂಡ ಇಲ್ಲಿಯವರೇ.

1952ರಲ್ಲಿ ವಕೀಲರಾದ ಪುಟ್ಟಸ್ವಾಮಿ 1977ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾದರು, 1986ರಲ್ಲಿ ನಿವೃತ್ತರಾದರು. 2012ರಲ್ಲಿ ಅರ್ಜಿ ಹಾಕುವಾಗ ಅವರ ವಯಸ್ಸು 86. ಕಂಪ್ಯೂಟರ್ ತಜ್ಞರಲ್ಲದ ಅವರನ್ನು ಕಾಡಿದ್ದು ಹಳೇ ಕಾಲದ ವಕೀಲರ ಪ್ರಶ್ನೆ: ಇದಕ್ಕೆ ಕಾನೂನೆಲ್ಲಿ? ಪ್ರಾಧಿಕಾರ ಹುಟ್ಟಿದ್ದು ಬರೀ ಸರ್ಕಾರಿ ಆದೇಶದಿಂದ. 2010ರ ಮಸೂದೆಯನ್ನು ಸಂಸದೀಯ ಸ್ಥಾಯಿ ಸಮಿತಿ 2011ರಲ್ಲಿ ಒಪ್ಪಲಿಲ್ಲ. ಆದರೂ ಬೆರಳಚ್ಚು, ಕಣ್ಣಿನ ಪಾಪೆಯ ನೋಂದಣಿ ನಿಲ್ಲಲಿಲ್ಲ.

ಖಾಸಗಿತನದ ಚರ್ಚೆಯನ್ನು ಹಿಗ್ಗಿಸಿದ್ದು, ವಿಚಿತ್ರವೆಂದರೆ, ಸರ್ಕಾರದ ವಾದವೇ. ಖಾಸಗಿತನ ಮೂಲಭೂತ ಹಕ್ಕಲ್ಲ ಎಂದು 2015ರಲ್ಲಿ ಅಟಾರ್ನಿ ಜನರಲ್ ಮುಕುಲ್ ರೋಹಟಗಿ ವಾದಿಸಿದರು. ಅದಕ್ಕೆ 1954ರ ಎಂ.ಪಿ. ಶರ್ಮಾ, 1962ರ ಖರಕ್ ಸಿಂಗ್ ತೀರ್ಪುಗಳ ಆಸರೆ ಇತ್ತು. ಮೊದಲನೆಯದು ಎಂಟು ನ್ಯಾಯಮೂರ್ತಿಗಳ ಪೀಠದ್ದು. ಅದನ್ನು ದಾಟಲು ಒಂಬತ್ತು ಮಂದಿ ಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಅವರಲ್ಲಿ ಕರ್ನಾಟಕದ ಎಸ್. ಅಬ್ದುಲ್ ನಜೀರ್ ಒಬ್ಬರು.

ಆಧಾರ್ ಮಾತ್ರ ಉಳಿಯಿತು. 2018ರ ಸೆಪ್ಟೆಂಬರ್ 26ರ ತೀರ್ಪು 4–1ರ ಬಹುಮತದಿಂದ ಅದನ್ನು ಎತ್ತಿಹಿಡಿದು, ಆನಂತರ ಬಂದಿದ್ದ ಆಧಾರ್ ಕಾಯ್ದೆಯ 57ನೇ ಕಲಮಿನಡಿ ಖಾಸಗಿ ಕಂಪನಿಗಳಿಗಿದ್ದ ಅವಕಾಶವನ್ನು ಕಿತ್ತುಹಾಕಿತು. ಸಿಮ್ ಕಾರ್ಡಿಗೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯ ಕಡ್ಡಾಯವೂ ಹೋಯಿತು.

ತೀರ್ಪಿನ ಕಾವು ಗಲ್ಲಿಗೆ ಇಳಿಯುವಾಗ ಆರುತ್ತದೆ. ಬಾಪೂಜಿ ನಗರದಂಥ ಬಡಾವಣೆಯ ಜೆರಾಕ್ಸ್ ಅಂಗಡಿಯಲ್ಲಿ ಗಿರಾಕಿ ಆಧಾರ್ ಪ್ರತಿಯನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾನೆ, ಪ್ರಿಂಟ್ ಕೈಗೆ ಬರುತ್ತದೆ, ಫೈಲು ಅಂಗಡಿಯ ಫೋನಿನಲ್ಲೇ ಉಳಿಯುತ್ತದೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಇದೆ, ನಿಜ. ಬಾಡಿಗೆ ಕರಾರಿಗೆ ಅದು ಸಾಕೇ ಎಂದು ಕೇಳುವ ಧೈರ್ಯ ಎಷ್ಟು ಬಾಡಿಗೆದಾರರಿಗಿದೆ?

ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲೇ ದತ್ತಾಂಶ ರಕ್ಷಣೆಗೆ ಕರಡು ಕೊಟ್ಟರೂ ಕಾಯ್ದೆ ಬಂದದ್ದು 2023ರ ಆಗಸ್ಟಿನಲ್ಲಿ. ಅದರಡಿ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಪುಟ್ಟಸ್ವಾಮಿ 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಆಗಿನ್ನೂ ನಿಯಮಗಳು ಹೊರಬಿದ್ದಿರಲಿಲ್ಲ. ಅವು ಬಂದದ್ದು 2025ರ ನವೆಂಬರಿನಲ್ಲಿ. ಕಾಯ್ದೆಯ 17ನೇ ಕಲಮು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ಕೇಂದ್ರಕ್ಕೆ ಬೇಕಾದ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುತ್ತದೆ. ವಿನಾಯಿತಿ ಯಾರಿಗೆ ಎಂಬುದು ಮತ್ತೆ ಸರ್ಕಾರಿ ಅಧಿಸೂಚನೆಯ ಪಾಲು.