ಬಿನ್ನಿಪೇಟೆಯಿಂದ ಹೊರಟ ಸೋಮಣ್ಣ

ಬಾಪೂಜಿ ನಗರ, ವಿಜಯನಗರ, ಗೋವಿಂದರಾಜನಗರದ ರಾಜಕೀಯವನ್ನು ಅರಿಯಬೇಕಾದರೆ ನಾವು ಬಿನ್ನಿಪೇಟೆಯಿಂದ ಹೊರಡಬೇಕು. ಬಟ್ಟೆ ಗಿರಣಿಯಿಂದ ಹೆಸರು ಪಡೆದ ಈ ಪ್ರದೇಶ ಕೂಲಿಕಾರರ, ಸಣ್ಣ ವ್ಯಾಪಾರಿಗಳ, ಬಾಡಿಗೆದಾರರ ನೆಲೆಯಾಗಿತ್ತು. ಇಲ್ಲಿ ಶಾಸಕನೆಂದರೆ ಭಾಷಣಕಾರನಲ್ಲ. ನೀರು, ಮೋರಿ, ರೇಷನ್ ಕಾರ್ಡಿನ ಕೆಲಸಕ್ಕೆ ಬೆಳಿಗ್ಗೆಯೇ ಬಾಗಿಲು ತೆರೆದಿರಬೇಕಾದವನು. ವಿ. ಸೋಮಣ್ಣನವರು ಬೆಳೆದದ್ದು ಇಂಥ ರಾಜಕಾರಣದಲ್ಲಿ.

1951ರಲ್ಲಿ ಕನಕಪುರ ತಾಲೂಕಿನ ಮರಳವಾಡಿಯಲ್ಲಿ ಹುಟ್ಟಿದ ಅವರು 1983ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ಮಹಾನಗರಪಾಲಿಕೆಯ ಸದಸ್ಯರಾದರು. 1994ರಲ್ಲಿ ಜನತಾದಳದಿಂದ ಬಿನ್ನಿಪೇಟೆಯ ಶಾಸಕರಾದರು. ಜೆ.ಎಚ್. ಪಟೇಲರ ಸಂಪುಟದಲ್ಲಿ ಬಂದೀಖಾನೆ ಸಚಿವರಾಗಿ, ಆಮೇಲೆ ಬೆಂಗಳೂರು ನಗರಾಭಿವೃದ್ಧಿಯನ್ನೂ ನೋಡಿಕೊಂಡರು.

1999ರಲ್ಲಿ ಅದೇ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದರು, 2004ರಲ್ಲಿ ಕಾಂಗ್ರೆಸ್ಸಿನಿಂದ. ಮೂರು ಚುನಾವಣೆ, ಮೂರು ಚಿಹ್ನೆ, ಒಬ್ಬನೇ ಮನುಷ್ಯ! ಮತದಾರರಿಗೆ ಪಕ್ಷನಿಷ್ಠೆಯಿಲ್ಲ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಸೋಮಣ್ಣ ಪ್ರತಿಸಲವೂ ಹೊಸ ಚಿಹ್ನೆ ಹಿಡಿದು ಮೊದಲು ಜನರ ಮುಂದೆ ನಿಂತಿದ್ದರು. ಜನರು ಒಪ್ಪಿದ್ದರು.

2008ರ ಕ್ಷೇತ್ರ ಪುನರ್ವಿಂಗಡಣೆ ಬಿನ್ನಿಪೇಟೆಯನ್ನೇ ಇಲ್ಲವಾಗಿಸಿತು. 1971ರ ಜನಗಣತಿಯ ಆಧಾರದ ಹಳೆಯ ಗೆರೆಗಳನ್ನು ಅಳಿಸಿ 2001ರ ಗಣತಿಯಂತೆ ಹೊಸದಾಗಿ ಎಳೆದಾಗ ಬಾಪೂಜಿ ನಗರ ವಿಜಯನಗರ ಕ್ಷೇತ್ರದ ಪಾಲಾಯಿತು. ಅಲ್ಲಿ ಕಾಂಗ್ರೆಸ್ಸಿನ ಎಂ. ಕೃಷ್ಣಪ್ಪ ಗೆದ್ದರು. ಸೋಮಣ್ಣ ಪಕ್ಕದ ಗೋವಿಂದರಾಜನಗರದಿಂದ ಕಾಂಗ್ರೆಸ್ ಶಾಸಕರಾದರು.

ಮರುವರ್ಷವೇ ಅವರು ರಾಜೀನಾಮೆಯಿತ್ತು ಬಿಜೆಪಿ ಸೇರಿದರು, ಯಡಿಯೂರಪ್ಪನವರ ಸಂಪುಟದಲ್ಲಿ ಸಚಿವರಾದರು. 2009ರ ಉಪಚುನಾವಣೆಯಲ್ಲಿ ಕೃಷ್ಣಪ್ಪನವರ ಮಗ, ತರುಣ ಪ್ರಿಯಕೃಷ್ಣ ಅವರನ್ನು ಸೋಲಿಸಿದರು. ಹದಿನೈದು ವರ್ಷದ ಪರಿಚಯ, ಕೈಯಲ್ಲಿ ಸಚಿವ ಪದವಿ, ಆದರೂ ಸೋಲು. ಒಂದು ಪಕ್ಷದ ಹೆಸರಲ್ಲಿ ಪಡೆದ ಮತವನ್ನು ವರ್ಷ ತುಂಬುವಷ್ಟರಲ್ಲಿ ಇನ್ನೊಂದು ಪಕ್ಷಕ್ಕೆ ಒಯ್ದದ್ದನ್ನು ಜನ ಒಪ್ಪಲಿಲ್ಲವೆಂದೇ ನಾವು ಓದುತ್ತೇವೆ. ಅವರ ಕೆಲಸವನ್ನು ಮೆಚ್ಚಿದ್ದ ಮುಸ್ಲಿಂ, ದಲಿತ ಮತದಾರರಿಗಂತೂ ಇದು ಚಿಹ್ನೆಯ ಬದಲಾವಣೆ ಮಾತ್ರವಾಗಿರಲಿಲ್ಲ. ಸೋತ ಅವರು 2010ರಲ್ಲಿ ವಿಧಾನ ಪರಿಷತ್ತಿನ ಮೂಲಕ ಮತ್ತೆ ಸಚಿವರಾದದ್ದು ಬೇರೆ ಮಾತು.

ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. 2016ರಿಂದ 2018ರವರೆಗೆ ಕೃಷ್ಣಪ್ಪ ವಸತಿ ಸಚಿವರು. ಗೋವಿಂದರಾಜನಗರವನ್ನು 2018ರಲ್ಲಿ ಮರಳಿ ಗೆದ್ದ ಸೋಮಣ್ಣ 2019ರ ನಂತರ ಅದೇ ಖಾತೆಗೆ ಸಚಿವರು. ನೆರೆಹೊರೆಯ ಎರಡು ಕ್ಷೇತ್ರಗಳಿಗೆ ಸಿಕ್ಕ ಖಾತೆ ಮನೆ ಕಟ್ಟಿಸುವುದು! ಬಾಡಿಗೆಯ ಒಂದು ಕೋಣೆಯಲ್ಲಿ ಸಂಸಾರ ಹೂಡಿದವರು ಇದನ್ನು ಹೇಗೆ ಲೆಕ್ಕ ಹಾಕಿದರೋ.

2023ರಲ್ಲಿ ಬಿಜೆಪಿ ಅವರನ್ನು ಗೋವಿಂದರಾಜನಗರದಿಂದ ಎತ್ತಿ ವರುಣಾದಲ್ಲಿ ಸಿದ್ದರಾಮಯ್ಯನವರ ಎದುರು ನಿಲ್ಲಿಸಿತು, ಜೊತೆಗೆ ಚಾಮರಾಜನಗರದಲ್ಲೂ. ಎರಡೂ ಕಡೆ ಸೋತರು. ಅವರು ಬಿಟ್ಟುಹೋದ ಕ್ಷೇತ್ರವನ್ನು ಪ್ರಿಯಕೃಷ್ಣ ಮತ್ತೆ ಗೆದ್ದರು. 2024ರಲ್ಲಿ ತುಮಕೂರಿನಿಂದ ಲೋಕಸಭೆಗೆ ಆಯ್ಕೆಯಾಗಿ, ಆ ಜೂನ್‌ನಲ್ಲಿ ಜಲಶಕ್ತಿ ಮತ್ತು ರೈಲ್ವೆ ಖಾತೆಗಳ ಕೇಂದ್ರ ರಾಜ್ಯ ಸಚಿವರಾದರು. ಹಳೆಯ ಬಿನ್ನಿಪೇಟೆಯ ಅನೇಕ ಮತದಾರರು ಆ ಚುನಾವಣೆಯಲ್ಲಿ ಓಟು ಹಾಕಿದ್ದು ಬೆಂಗಳೂರು ದಕ್ಷಿಣಕ್ಕೆ. ಮೈಸೂರಿನ ರೈಲು ಮಾತ್ರ ಈಗಲೂ ಅವರ ಬೀದಿಗಳ ಪಕ್ಕದಲ್ಲೇ ಓಡುತ್ತದೆ.